ಮೂರನೇ ಚರಣದ ಖಾಲಿ ಸಾಲು

ಹೋದ ವಾರ ಶ್ರೀನಿವಾಸ ದೇಸಾಯಿ ಎಂಬ ತರುಣರು ಪುಣೆಯ ಸದಾಶಿವ ಪೇಠದ ನಮ್ಮ ಎರಡು ಖೋಲಿಯ ಬಿಡಾರವನ್ನು ಹುಡುಕಿಕೊಂಡು ಬಂದರು. ಈ ಬೇಸಿಗೆಯಲ್ಲಿ ನಾನು ನಿವೃತ್ತನಾದೆನಲ್ಲ, ಆ ಜಾಗಕ್ಕೆ ಕಾಲೇಜಿನವರು ಅವರನ್ನು ತೆಗೆದುಕೊಂಡಿದ್ದಾರೆ. ಜಾಗವೆಂದರೆ ಎರಡು ಕೆಲಸ. ಹಗಲು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಾಮಾನು ಜೋಡಿಸುವುದು, ಸಂಜೆ ಕಾಲೇಜಿನ ಗಾಯನ ಮಂಡಳಿಯನ್ನು ನೋಡಿಕೊಳ್ಳುವುದು. ಮೊದಲನೆಯದಕ್ಕೆ ಸಂಬಳ ಸಿಗುತ್ತದೆ, ಎರಡನೆಯದಕ್ಕೆ ಬೈಗುಳ.

ಚಹಾ ಕುಡಿದು ಅವರು ಕೇಳಿದರು: "ಮಾಸ್ತರ, ಮಂಡಳಿ ನಿಯಮದ ಪುಸ್ತಕ ಎಲ್ಲಿ ಅದರಿ?"

"ಪುಸ್ತಕಾ ಎಲ್ಲೀದೂ ಇಲ್ಲಪಾ. ನಾನ ಪುಸ್ತಕಾ."

"ಹಂಗಾರ ಒಂದ ಮಾತು ನಿಮ್ಮನ್ನ ಕೇಳಬೇಕು. ನಮ್ಮ ಪ್ರಾರ್ಥನಾದಾಗ ಮೂರನೇ ಚರಣದ ಎರಡನೇ ಸಾಲು ಯಾರೂ ಹಾಡಂಗಿಲ್ಲ, ಸುಮ್ಮ ನಿಂದರತಾರ. ಅಲ್ಲೆ ಇಂಗ್ರಜಿ ಸರಕಾರದ ಸ್ತುತಿ ಇತ್ತಂತ, ಹಿಂದಿನವರು ಧೈರ್ಯಾ ಮಾಡಿ ಬಿಟ್ಟಬಿಟ್ಟರಂತ. ಈಗ ಆ ಸರಕಾರನ ಹೋತು. ಅಲ್ಲೆ ನಮ್ಮ ದೇಶದ ಮ್ಯಾಲೆ ಒಂದ ಹೊಸಾ ಸಾಲು ಕೂಡಿಸಲೇನ್ರಿ?"

ಬರೆದು ಕೊಡುತ್ತೇನೆ ಎಂದು ಹೇಳಿ ಕಳಿಸಿದೆ. ಹಿಂದಿನವರು ಧೈರ್ಯ ಮಾಡಿದರು ಎಂಬುದು ಶುದ್ಧ ಸುಳ್ಳು. ಆ ಹಿಂದಿನವರಲ್ಲಿ ನಾನೂ ಒಬ್ಬ. ನನ್ನಲ್ಲಿ ಅಂದು ಇದ್ದದ್ದು ಧೈರ್ಯವಲ್ಲ, ಗಾಬರಿ.

ನಾನು ಗದಗಿನ ಕಡೆಯ ಹಳ್ಳಿಯಿಂದ ಪುಣೆಗೆ ಬಂದಾಗ ಕಾಲೇಜಿನಲ್ಲಿ ಮಂಡಳಿ ಇರಲಿಲ್ಲ. ಸಂಸ್ಕೃತ ಕಲಿಸುತ್ತಿದ್ದ ಬರ್ವೆ ಸರ್ ಅದನ್ನು ಕಟ್ಟಬೇಕೆಂದು ಪ್ರಿನ್ಸಿಪಾಲರ ಬೆನ್ನು ಹತ್ತಿದ್ದರು. ಪ್ರಿನ್ಸಿಪಾಲರಿಗೆ ಹಾಡೆಂದರೆ ಆಗದು. ಹಾರ್ಮೋನಿಯಂ ಪೇಟಿ ಬಂದರೆ ಅದರ ಹಿಂದೆ ತಬಲಾ ಬರುತ್ತದೆ, ತಬಲಾದ ಹಿಂದೆ ಗೆಜ್ಜೆ ಬರುತ್ತದೆ, ಆಮೇಲೆ ಕಾಲೇಜಿಗೂ ತಮಾಷಾದ ಕುಣಿತದ ಮೇಳಕ್ಕೂ ಏನು ಅಂತರ ಎಂದು ಅವರ ವಾದ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಬರಿಯ ಬಾಯಿ, ಒಂದೂ ವಾದ್ಯ ಕೂಡದು. ತಂಬೂರಿಯೂ ಕೂಡದು. ಇದು ತಿರಸ್ಕಾರದಿಂದ ಹಾಕಿದ ಷರತ್ತು. ಬರ್ವೆ ಸರ್ ಅದನ್ನೇ ಮಂಡಳಿಯ ಮರ್ಯಾದೆ ಮಾಡಿಬಿಟ್ಟರು. ಮುಂದೆ ಬೇರೆ ಪ್ರಿನ್ಸಿಪಾಲರು ಬಂದು ತಾವಾಗಿ ಪೇಟಿ ಕೊಡಿಸುತ್ತೇನೆಂದಾಗ, ಬೇಡ ಸಾಹೇಬ, ನಮಗೆ ಅದರ ಅಭ್ಯಾಸವಿಲ್ಲ ಎಂದು ಕೈ ಮುಗಿದರು.

ವಾದ್ಯವಿಲ್ಲದೆ ಹಾಡುವುದು ಕಷ್ಟವಲ್ಲ, ಶುರು ಮಾಡುವುದು ಕಷ್ಟ. ಇಪ್ಪತ್ತು ಜನ ಇಪ್ಪತ್ತು ಷಡ್ಜ ಹಿಡಿದರೆ ಅದು ಸಂತೆ. ಹಾಗಾಗಿ ಬರ್ವೆ ಸರ್ ಒಂದು ದಿನ ಪ್ರಯೋಗಶಾಲೆಗೆ ಬಂದು ಕಪಾಟಿನಲ್ಲಿದ್ದ ಶ್ರುತಿಕವೆಗಳನ್ನು ನೋಡಿದರು. ಉಕ್ಕಿನ ಎರಡು ಕಾಲಿನ ಕವೆ ಅದು. ಮೊಣಕಾಲಿಗೆ ಬಡಿದು ಬುಡವನ್ನು ಹಲಗೆಗೆ ಊರಿದರೆ ಒಂದೇ ಸ್ವರ, ಹವೆ ಬದಲಾದರೂ ತನ್ನ ಮಾತು ಬದಲಿಸುವುದಿಲ್ಲ. ಇದು ವಾದ್ಯವಲ್ಲ, ವಿಜ್ಞಾನದ ಸಾಮಾನು, ಪ್ರಿನ್ಸಿಪಾಲರು ಏನೂ ಅನ್ನುವಂತಿಲ್ಲ ಎಂದು ಅವರಿಗೆ ಆನಂದವೋ ಆನಂದ. ಆದರೆ ಕವೆ ಪ್ರಯೋಗಶಾಲೆಯ ಹೊರಗೆ ಹೋಗಬೇಕಾದರೆ ಅದರ ಜೊತೆ ನಾನೂ ಹೋಗಬೇಕು. ಹೀಗೆ ನಾನು ಮಂಡಳಿಗೆ ಸೇರಿದ್ದು ಕವೆಯ ಬಾಲವಾಗಿ. ಹುಡುಗರು ಅದಕ್ಕೆ ಒಲೆಯ ಇಕ್ಕಳದ ಹೆಸರು, ಚಿಮಟಾ ಎಂದು ಇಟ್ಟರು, ನನಗೆ ಚಿಮಟಾ ಮಾಸ್ತರ ಎಂದು. ಮೂವತ್ತು ವರ್ಷದ ಮೇಲಾಯಿತು, ನಮ್ಮ ಗಲ್ಲಿಯ ಹಾಲಿನವನೂ ಅದೇ ಹೆಸರಿನಿಂದ ಕೂಗುತ್ತಾನೆ.

ಬರ್ವೆ ಸರ್ ನನ್ನ ದನಿ ಕೇಳಿ ಕೆಳದನಿಯವರ ನಡುವೆ ನಿಲ್ಲಿಸಿದರು. ಕೆಳದನಿಯವರಲ್ಲಿ ನಾವು ಹೆಚ್ಚಿನವರು ಧಾರವಾಡ, ಬೆಳಗಾವಿ, ಗದಗಿನ ಕಡೆಯವರೇ. ಜೋಳದ ರೊಟ್ಟಿ ತಿಂದ ಗಂಟಲು ಕೆಳಗೇ ಇಳಿಯುತ್ತದೆ ಎಂದು ಅವರು ಚೇಷ್ಟೆ ಮಾಡುತ್ತಿದ್ದರು. ಮೇಲ್ದನಿಯವರೆಲ್ಲ ಪುಣೆಯ ಪೇಠಗಳ ಹುಡುಗರು.

ಮೊದಲ ವರ್ಷದ ಗ್ಯಾದರಿಂಗಿಗೆ, ಎಂದರೆ ಕಾಲೇಜಿನ ವಾರ್ಷಿಕ ಸಮಾರಂಭಕ್ಕೆ, ಒಬ್ಬ ಬಿಳಿಯ ದೊರೆ ಅತಿಥಿಯಾಗಿ ಬಂದ. ಬರ್ವೆ ಸರ್ ಆ ದಿನಕ್ಕೆಂದೇ ಸಂಸ್ಕೃತದಲ್ಲಿ ನಾಲ್ಕು ಚರಣದ ಪ್ರಾರ್ಥನೆ ಬರೆದಿದ್ದರು. ಪ್ರಿನ್ಸಿಪಾಲರ ಒತ್ತಾಯಕ್ಕೆ ಮೂರನೇ ಚರಣದ ಎರಡನೇ ಸಾಲಿನಲ್ಲಿ ಸರಕಾರದ ಸ್ತುತಿ ಸೇರಿಸಿದ್ದರು. ಸ್ವರ ಎಲ್ಲಕ್ಕಿಂತ ಮೇಲೆ ಹತ್ತುವುದೂ ಅದೇ ಸಾಲಿನಲ್ಲಿ.

ಇಲ್ಲಿ ಒಂದು ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅವಸರದಲ್ಲಿ ನಾನು ಕಪಾಟಿನಿಂದ ತಂದದ್ದು ತಪ್ಪು ಕವೆ. ನಮ್ಮ ಷಡ್ಜದ ಕವೆಯ ಪಕ್ಕದಲ್ಲಿ ಅದಕ್ಕಿಂತ ಒಂದು ಸ್ವರ ಮೇಲಿನದು ಇತ್ತು, ನೋಡಲು ಎರಡೂ ಒಂದೇ. ಬಡಿದೆ, ಊರಿದೆ, ಎಲ್ಲರೂ ಅದನ್ನೇ ಹಿಡಿದರು. ಮೊದಲ ಚರಣ ಹೇಗೋ ದಾಟಿತು. ಎರಡನೆಯದರಲ್ಲಿ ಮೇಲ್ದನಿಯವರ ಕುತ್ತಿಗೆಯ ನರ ಎದ್ದವು. ಮೂರನೆಯದರ ಮೊದಲ ಸಾಲು ಮುಗಿಯುವಾಗ ಒಬ್ಬನ ದನಿ ಒಡೆಯಿತು. ಬದಿಯಲ್ಲಿ ನಿಂತಿದ್ದ ಬರ್ವೆ ಸರ್ ಕಣ್ಣು ಕೆಂಪಗೆ ಮಾಡಿ, ಹಲ್ಲು ಕಚ್ಚಿ ಪಿಸುಗುಟ್ಟಿದರು: "ಖಾಲೀ! ಖಾಲೀ!"

ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ಸ್ವರ ಕೆಳಗೆ ಇಳಿಸಿರಿ ಎಂದು ಅವರು ಹೇಳಿದ್ದು. ನಮ್ಮ ಮಾತಿನಲ್ಲಿ ಖಾಲಿ ಎಂದರೆ ಏನೂ ಇಲ್ಲದ್ದು. ಪುಣೆಯಲ್ಲಿ ಆರು ತಿಂಗಳಿದ್ದ ನಮಗೆ ಅವರ ಅರ್ಥ ಗೊತ್ತಿರಲಿಲ್ಲವೆಂದಲ್ಲ. ಪೇಟೆಯಲ್ಲಿ, ಗಾಡಿಯಲ್ಲಿ ದಿನಾ ಕೇಳುತ್ತಿದ್ದೆವು. ಆದರೆ ಬಾಯಿ ತೆರೆದು ದೊರೆಯ ಎದುರು ನಿಂತಾಗ ತಾಯಿಯ ಮಾತೇ ಮೊದಲು ಕಿವಿಗೆ ಬೀಳುತ್ತದೆ. ಖಾಲಿ ಬಿಡಿರಿ ಎಂದರೇನೋ ಎಂದುಕೊಂಡು ನಾವು ಕೆಳದನಿಯ ಅಷ್ಟೂ ಮಂದಿ ಗಪ್ಪನೆ ಬಾಯಿ ಮುಚ್ಚಿದೆವು. ಕಾಲ ಕೆಳಗಿನ ದನಿ ಮಾಯವಾದದ್ದನ್ನು ಕೇಳಿ ಮೇಲ್ದನಿಯವರೂ ಹೆದರಿ ನಿಂತುಬಿಟ್ಟರು. ಇಡೀ ಸಭಾಗೃಹ ಸ್ತಬ್ಧ. ಮನಸ್ಸಿನಲ್ಲಿ ಮಾತ್ರ ಎಲ್ಲರೂ ಮಾತ್ರೆ ಎಣಿಸುತ್ತಿದ್ದೆವು. ಆ ಸಾಲಿನ ಹೊತ್ತು ಮುಗಿದ ಕೂಡಲೇ ಇಪ್ಪತ್ತು ಬಾಯಿ ಒಟ್ಟಿಗೆ ತೆರೆದವು, ಅದೂ ಒಂದು ಸ್ವರ ಕೆಳಗೆ, ಎಲ್ಲಿ ಇರಬೇಕಿತ್ತೋ ಅಲ್ಲಿ. ಹೇಗೆ ಕೂಡಿತೋ ದೇವರಿಗೇ ಗೊತ್ತು.

ದೊರೆಗೆ ಸಂಸ್ಕೃತ ಬಾರದು. ಭಾಷಣದಲ್ಲಿ ಅವನು ಹಾಡಿಗಿಂತ ನಡುವಿನ ಆ ಮೌನವೇ ತನಗೆ ಬಹಳ ಹಿಡಿಸಿತು ಎಂದ. ಪ್ರಿನ್ಸಿಪಾಲರು ತಲೆದೂಗಿದರು. ಹಿಂದೆ ಕೂತಿದ್ದ ವಿದ್ಯಾರ್ಥಿಗಳು ಸರಕಾರದ ಸ್ತುತಿಯನ್ನು ನುಂಗಿದರಲ್ಲ ಎಂದು ಚಪ್ಪಾಳೆ ತಟ್ಟಿದರು. ಒಂದೇ ತಪ್ಪಿಗೆ ಮೂರು ಕಡೆಯಿಂದ ಶಾಬಾಸ್.

ಮರುದಿನ ಬರ್ವೆ ಸರ್ ನನ್ನನ್ನು ಕರೆದು ವಿಚಾರಿಸಿದರು. ನಾನು ಖಾಲಿಯ ಅರ್ಥ ಹೇಳಿದೆ, ಕವೆಯ ಮಾತು ಮಾತ್ರ ನುಂಗಿದೆ. ಅವರು ಪಗಡಿ ತೆಗೆದು ಮೇಜಿನ ಮೇಲಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ಸಾಲು ಅಂದಿನಿಂದ ಖಾಲಿಯೇ ಉಳಿಯಿತು. ಮುಂದೆ ತಾಲೀಮಿನಲ್ಲಿ ಅವರು ಯಾವಾಗ ಖಾಲೀ ಎಂದರೂ ಕೆಳದನಿಯವರು ಒಕ್ಕೊರಲಿನಿಂದ, "ಯಾವ ಖಾಲಿರಿ ಸರ್, ನಿಮ್ಮದೋ ನಮ್ಮದೋ?" ಎಂದು ಕೇಳುವುದು ರೂಢಿಯಾಯಿತು. ಬರ್ವೆ ಸರ್ ಅದೊಂದು ಕನ್ನಡ ವಾಕ್ಯ ಕಲಿತರು. ಪ್ರತಿ ವರ್ಷ ಹೊಸಬರಿಗೆ ಮೊದಲು ಕಲಿಸುವ ಪಾಠವೂ ಅದೇ ಆಯಿತು.

ಶ್ರೀನಿವಾಸರೇ, ನಿಮ್ಮ ಕಸುಬಿನ ಗುಟ್ಟೆಲ್ಲ ಆ ಸಾಲಿನಲ್ಲಿದೆ. ಸುಮ್ಮನಿದ್ದು ಮತ್ತೆ ಎತ್ತಿಕೊಳ್ಳುವಾಗ ಹತ್ತರಲ್ಲಿ ಎಂಟು ಸಲ ಶ್ರುತಿ ಜಾರುತ್ತದೆ. ನಾನು ಏನು ಮಾಡುತ್ತಿದ್ದೆ ಹೇಳುತ್ತೇನೆ. ಮೌನ ಶುರುವಾದ ಕೂಡಲೇ ಕವೆಯನ್ನು ಮೊಣಕಾಲಿಗೆ ಸಣ್ಣಗೆ ಬಡಿದು ಅದರ ಬುಡವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದೆ. ಹೊರಗಿನವರಿಗೆ ಕೇಳುವುದಿಲ್ಲ, ನನ್ನ ತಲೆಯೊಳಗೆಲ್ಲ ಷಡ್ಜ ಮೊಳಗುತ್ತದೆ. ಎತ್ತಿಕೊಳ್ಳುವ ಮುಂಚೆ ಅದನ್ನು ಮೂಗಿನಲ್ಲಿ ಗುಂಯ್ ಅಂದರೆ ಪಕ್ಕದವನಿಗೆ ಮುಟ್ಟುತ್ತದೆ, ಅವನಿಂದ ಎಲ್ಲರಿಗೂ. ಒಂದು ಸಲ ಜೋರಾಗಿ ಬಡಿದು ಕಚ್ಚಿ ಮುಂದಿನ ಹಲ್ಲಿನ ತುಣುಕು ಹಾರಿತು. ಅದು ಇಂದಿಗೂ ಇಲ್ಲ.

ಬರ್ವೆ ಸರ್ ಒಂದೊಂದೇ ಸಾಲು ಹಾಡಿ ಹೇಳಿಕೊಡುತ್ತಿದ್ದರು. ಅವರ ತರುವಾಯ ನಾನು ಹಲಗೆಯ ಮೇಲೆ ಸ್ವರ ಬರೆಯಲು ಹತ್ತಿದೆ. ಕೆಲಸ ಬೇಗ ಆಯಿತು, ಆದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು ಹಲಗೆ ನೋಡತೊಡಗಿದರು. ಹಲಗೆ ಒರೆಸಿ ಹಾಕಿ ಎಲ್ಲರನ್ನೂ ದುಂಡಗೆ ನಿಲ್ಲಿಸಿದೆ. ಮಳೆಗಾಲ ಕಳೆದ ಮೇಲೆ ಕಾತ್ರಜದ ಕೆರೆಯ ತನಕ ನಡೆಸಿಕೊಂಡು ಹೋಗಿ ಬಯಲಿನಲ್ಲಿ ಹಾಡಿಸುತ್ತಿದ್ದೆ. ಗೋಡೆಯಿಲ್ಲದ ಕಡೆ ಯಾರ ದನಿ ಸುಳ್ಳು ಎಂದು ಬೇಗ ಗೊತ್ತಾಗುತ್ತದೆ. ಹಾಡಿನ ಮುಂಚೆ ಶೇಂಗಾ ತಿನ್ನಲು ಕೊಡಬೇಡಿರಿ. ಇದಕ್ಕಿಂತ ದೊಡ್ಡ ಬುದ್ಧಿ ನನ್ನಲ್ಲಿಲ್ಲ.

ಹುಡುಗಿಯರು ಸೇರಿದಾಗ ಆಗಿನ ಪ್ರಿನ್ಸಿಪಾಲರು ನಡುವೆ ಪರದೆ ಕಟ್ಟಿಸಬೇಕೆಂದರು. ಇಂದೂ ಹುದ್ದಾರ ಎಂಬ ಹುಡುಗಿ ಇದ್ದಳು. ಧಾರವಾಡದ ಮನೆತನ, ನಮ್ಮ ಪೇಠದಲ್ಲೇ ವಾಸ. ಅವಳು ಪ್ರಿನ್ಸಿಪಾಲರ ಎದುರಿಗೇ ನನಗೆ ಕನ್ನಡದಲ್ಲಿ ಹೇಳಿದಳು: "ಮಾಸ್ತರ, ಪರದೆ ಕಟ್ಟಿದ್ರ ನಿಮ್ಮ ಚಿಮಟಾ ಯಾವ ಕಡೆ ಇರತದ ಅಂತ ಕೇಳ್ರಿ. ಅದು ಇದ್ದ ಕಡೆ ಹಾಡು, ಇನ್ನೊಂದ ಕಡೆ ಗದ್ದಲ." ನಾನು ಅದನ್ನು ಸೌಮ್ಯ ಮಾಡಿ ಮರಾಠಿಗೆ ತಿರುಗಿಸಿದೆ. ಪರದೆ ಬರಲಿಲ್ಲ.

ಅದೇ ವರ್ಷ ಬೆಳಗಾವಿಯ ಮಧು ಇನಾಮದಾರ ಕೆಳದನಿಗೆ ಬಂದ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ದನಿಗಳಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಜೋರಿನ ದನಿಯಲ್ಲ. ಅವನು ಹಾಡುತ್ತಿದ್ದರೆ ಉಳಿದವರಿಗೆ ಕೂರಲು ಚಾಪೆ ಹಾಸಿದ ಹಾಗೆ ಇರುತ್ತಿತ್ತು. ಎಡತುದಿಯಲ್ಲಿ, ನನ್ನ ಮಗ್ಗುಲಲ್ಲಿ ಅವನ ಜಾಗ. ಮೌನದ ಸಾಲಿನ ಕೊನೆಗೆ ನಾನು ಮೂಗಿನಲ್ಲಿ ಗುಂಯ್ ಎನ್ನುವ ಮೊದಲೇ ಅವನು ಅದೇ ಸ್ವರದಲ್ಲಿ ಕಾದು ನಿಂತಿರುತ್ತಿದ್ದ. ನನಗೆ ಮಕ್ಕಳಿಲ್ಲ. ಇದ್ದಿದ್ದರೆ ಅವನಂಥವನು ಇರಲಿ ಎಂದು ಬಯಸುತ್ತಿದ್ದೆ.

ಚಲೇಜಾವ್ ಚಳವಳಿಯ ಕಾಲ ಬಂತು. ಪ್ರಾರ್ಥನೆಯಲ್ಲಿ ನಾವು ಖಾಲಿ ಸಾಲಿಗೆ ಬಂದ ಕೂಡಲೇ ಕೇಳುವ ವಿದ್ಯಾರ್ಥಿಗಳೆಲ್ಲ ಎದ್ದು ನಿಲ್ಲಲು ಹತ್ತಿದರು. ಸರಕಾರದ ಸ್ತುತಿ ನುಂಗಿದ ಕತೆ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಸುದ್ದಿ ಪೊಲೀಸರಿಗೂ ಮುಟ್ಟಿತು. ಒಂದು ಸಂಜೆ ತಾಲೀಮು ನಡೆದಾಗ ಫೌಜದಾರರೊಬ್ಬರು ನಾಲ್ಕು ಜನ ಸಿಪಾಯಿಗಳೊಡನೆ ಸಭಾಗೃಹಕ್ಕೆ ಬಂದರು. ನಾವು ಮರದ ವೇದಿಕೆಯ ಮೇಲಿದ್ದೆವು.

ಒಂದು ಸಲ ಹಾಡಿರಿ ಎಂದರು, ಹಾಡಿದೆವು. ಮೌನ ಬಂದಾಗ ಕೈ ಎತ್ತಿ ನಿಲ್ಲಿಸಿ ನನ್ನ ಹತ್ತಿರ ಬಂದು ಮರಾಠಿಯಲ್ಲಿ ಕೇಳಿದರು: "ತಿಥೇ ಕಾಯ್ ಆಹೇ?" ಅಲ್ಲಿ ಏನಿದೆ?

ಆ ಸಾಲಿನಲ್ಲಿ ಏನೂ ಇಲ್ಲ ಎಂದು ಹೇಳಬೇಕು. ಮರಾಠಿಯಲ್ಲಿ ರಿಕಾಮೀ ಎಂದಿದ್ದರೆ ಮುಗಿದಿತ್ತು. ಮೂವತ್ತು ವರ್ಷ ಆ ಭಾಷೆಯಲ್ಲಿ ಸಾಮಾನು ಕೊಂಡವ, ಜಗಳಾಡಿದವ, ಪಾಠ ಹೇಳಿದವ ನಾನು. ಅವರ ಸೊಂಟದ ಪಿಸ್ತೂಲು ನೋಡಿ ಎಲ್ಲ ಮರೆತು ಹಳ್ಳಿಯಿಂದ ಆಗಷ್ಟೇ ಇಳಿದವನಾದೆ.

"ಖಾಲೀ ಆಹೇ, ಸಾಹೇಬ" ಎಂದೆ.

ಅವರ ಕಿವಿಗೆ ಬಿದ್ದದ್ದು ಕೆಳಗಿದೆ ಎಂದು. ಅವರು ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು. ಸಿಪಾಯಿಗಳಿಗೆ ಕಣ್ಣು ಮಾಡಿದರು. ನನಗೆ ತಪ್ಪು ಹೊಳೆಯುವಷ್ಟರಲ್ಲಿ ಎರಡು ಹಲಗೆ ಎದ್ದಿದ್ದವು. ಏನು ಸಿಕ್ಕೀತು, ಇಲಿಯ ಹಿಕ್ಕೆ ಎಂದು ಒಂದು ಕ್ಷಣ ನಗುವೂ ಬಂತು. ಸಿಪಾಯಿ ಕೆಳಗಿನಿಂದ ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದನ್ನು ಎಳೆದ. ಬಿಚ್ಚಿದರೆ ಚಳವಳಿಯ ಕರಪತ್ರಗಳು.

ಯಾರದು ಎಂದು ಅವರು ಕೇಳಿದರು. ವೇದಿಕೆ ನನ್ನ ಸ್ವಾಧೀನದ್ದು, ಕೀಲಿ ನನ್ನ ಸೊಂಟದಲ್ಲಿ. ಫೌಜದಾರರ ಕೈ ನನ್ನ ಹೆಗಲಿನ ಮೇಲೆ ಬಿತ್ತು. ಆಗ ಎಡತುದಿಯಿಂದ ಮಧು ಮುಂದೆ ಬಂದ. "ಅವು ನನ್ನವು. ಮಾಸ್ತರಿಗೆ ಇದರದ ಏನೂ ಗೊತ್ತಿಲ್ಲ" ಎಂದ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಅವರು ಅವನನ್ನು ಕರೆದೊಯ್ಯುವಾಗ ಅವನು ಒಮ್ಮೆ ನನ್ನತ್ತ ತಿರುಗಿ ನೋಡಿದ. ಆ ನೋಟದ ಅರ್ಥವೇನು ಎಂಬುದೇ ಐದು ವರ್ಷ ನನ್ನನ್ನು ತಿಂದಿತು. ನಾನು ಬೇಕೆಂದೇ ತೋರಿಸಿಕೊಟ್ಟೆ ಎಂದು ಅವನು ತಿಳಿದನೇ?

ಉಳಿದವರು ಹಾಗೇ ತಿಳಿದರು. ನಾನು ಒಬ್ಬೊಬ್ಬರನ್ನೂ ಹಿಡಿದು ಖಾಲಿಯ ಅರ್ಥ ವಿವರಿಸಿದೆ. ಪುಣೆಯಲ್ಲಿ ಮೂವತ್ತು ವರ್ಷ ಬಾಳಿ, ಹೊಸಬರಿಗೆಲ್ಲ ಆ ಪಾಠ ಕಲಿಸಿದವನಿಗೆ ಖಾಲೀ ತಿಳಿಯುವುದಿಲ್ಲವೇ ಎಂದು ಮುಖದ ಮೇಲೆ ಕೇಳಿದರು. ಬರ್ವೆ ಸರ್ ಇದ್ದಿದ್ದರೆ ಒಂದು ಮಾತಿನಲ್ಲಿ ಸಾಕ್ಷಿ ಹೇಳುತ್ತಿದ್ದರು, ಅವರು ತೀರಿಹೋಗಿ ಎರಡು ವರ್ಷವಾಗಿತ್ತು. ಮಂಡಳಿ ಅರ್ಧಕ್ಕೆ ಇಳಿಯಿತು. ಮರುದಿನ ತಾಲೀಮಿಗೆ ಬಂದವರಲ್ಲಿ ಇಂದೂ ಒಬ್ಬಳು.

"ನೀ ಯಾಕ ಬಂದೆವಾ?" ಎಂದೆ.

"ನಮ್ಮ ಮನ್ಯಾಗ ದಿನಾ ಇದ ಗೊಂದಲರಿ. ಅಜ್ಜಿ ಖಾಲಿ ಡಬ್ಬಿ ತಾ ಅಂದ್ರ ಮರಾಠಿ ಕೆಲಸದಾಕಿ ಕೆಳಗಿನ ಡಬ್ಬಿ ತರತಾಳ. ನನಗ ನಿಮ್ಮ ಮ್ಯಾಲೆ ಸಂಶಯ ಇಲ್ಲ." ಆ ಮಾತಿಗೆ ನಾನು ಹುಡುಗಿಯ ಎದುರು ಅತ್ತುಬಿಟ್ಟೆ.

ಜೈಲಿಗೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಮಧು ಹೊರಬಂದಾಗ ಅವನ ಎದೆ ಕೆಟ್ಟಿತ್ತು. ಹವೆ ಒಳ್ಳೆಯದೆಂದು ತಳೇಗಾಂವದಲ್ಲಿ ಒಂದು ಸಣ್ಣ ಶಾಲೆ ಸೇರಿದ ಎಂದು ಇಂದೂ ಹೇಳಿದಳು. ಎರಡು ಸಲ ನಾನು ರೈಲಿನಲ್ಲಿ ತಳೇಗಾಂವಕ್ಕೆ ಹೋದೆ. ಒಮ್ಮೆ ಸ್ಟೇಶನ್ನಿನ ಬಾಕಿನ ಮೇಲೆ ಕೂತು ವಾಪಸು ಬಂದೆ. ಇನ್ನೊಮ್ಮೆ ಶಾಲೆಯ ಕಾಂಪೌಂಡಿನ ತನಕ ಹೋದೆ. ಒಳಗೆ ಅವನು ಪಾಠ ಹೇಳುತ್ತಿದ್ದ, ನಾಲ್ಕು ಮಾತಿಗೊಮ್ಮೆ ಕೆಮ್ಮುತ್ತಿದ್ದ. ದನಿ ಎಂಬುದು ಉಳಿದಿರಲಿಲ್ಲ, ಬರಿಯ ಗಾಳಿ. ಬಾಗಿಲಿಗೆ ಹೋಗುವ ಎದೆಗಾರಿಕೆ ನನ್ನಲ್ಲಿರಲಿಲ್ಲ.

ಈ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂದ ಬೆಳಿಗ್ಗೆ ಕಾಲೇಜಿನಲ್ಲಿ ಧ್ವಜ ಏರಿಸಿದರು. ನಿವೃತ್ತನಾಗಿದ್ದರೂ ಪ್ರಾರ್ಥನೆಗೆ ನನ್ನನ್ನೇ ಕರೆದರು. ಹಳೆಯ ಹುಡುಗರಲ್ಲಿ ಎಷ್ಟೋ ಜನ ಬಂದಿದ್ದರು. ನನ್ನೊಡನೆ ಮಾತು ಬಿಟ್ಟವರೂ ಇದ್ದರು. ನಾನು ಕವೆ ತೆಗೆದು ಬಡಿಯಬೇಕು ಎನ್ನುವಾಗ ನನ್ನ ಎಡಕ್ಕೆ ಯಾರೋ ಬಂದು ನಿಂತರು. ಕೊರಳಿಗೆ ಮಫ್ಲರು, ಬತ್ತಿದ ಮುಖ. ಮಧು.

"ಮಧೂ, ಹಾಡತೀಯೇನಪಾ?" ಎಂದೆ. ಕೇಳಬಾರದ್ದನ್ನು ಕೇಳಿದೆ ಎಂದು ಆಮೇಲೆ ಅನಿಸಿತು.

"ಎಲ್ಲಾ ಬರಂಗಿಲ್ಲರಿ ಮಾಸ್ತರ. ಒಂದ ಸಾಲು ಬರತದ. ಅಷ್ಟ ಹಾಡತೀನಿ."

ಹಾಡು ಶುರುವಾಯಿತು. ಮೊದಲ ಚರಣದಲ್ಲಿ ಅವನು ಬಾಯಿ ಮುಚ್ಚಿ ನಿಂತಿದ್ದ, ಎರಡನೆಯದರಲ್ಲೂ ಹಾಗೇ. ಮೂರನೇ ಚರಣದ ಮೊದಲ ಸಾಲು ಮುಗಿಯಿತು. ಎಲ್ಲರೂ ಸುಮ್ಮನಾದರು. ಆಗ ಮಧು ಮಫ್ಲರು ಸಡಿಲಿಸಿ, ಎದೆ ಎತ್ತಿ, ಗದ್ದ ಮೇಲೆ ಮಾಡಿ, ಬೆರಳಿನಿಂದ ತೊಡೆಯ ಮೇಲೆ ಮಾತ್ರೆ ಎಣಿಸುತ್ತ ಆ ಸಾಲನ್ನು ಪೂರ್ತಿ ಹಾಡಿದ. ಒಂದು ಸಪ್ಪಳವೂ ಹೊರಡಲಿಲ್ಲ. ಕೆಮ್ಮಲೂ ಇಲ್ಲ. ನನ್ನ ಹಲ್ಲಿನಲ್ಲಿ ಕವೆ ಮೊಳಗುತ್ತಿತ್ತು, ಕಣ್ಣು ಮಂಜಾಗಿತ್ತು. ಸಾಲು ಮುಗಿದ ಕೂಡಲೇ ಅವನು ಮತ್ತೆ ಬಾಯಿ ಮುಚ್ಚಿ ಮಫ್ಲರು ಸುತ್ತಿಕೊಂಡ. ಉಳಿದವರು ಎತ್ತಿಕೊಂಡರು.

ಆದ್ದರಿಂದ ಶ್ರೀನಿವಾಸರೇ, ನಿಮ್ಮ ಪ್ರಶ್ನೆಗೆ ನಾನು ಹೌದು ಅಲ್ಲ ಎನ್ನುವವನಲ್ಲ. ಮಂಡಳಿ ಈಗ ನಿಮ್ಮದು, ಹಾಡೂ ನಿಮ್ಮದು. ಜನವರಿಯ ಗ್ಯಾದರಿಂಗಿಗೆ ಮಧು ಬರುತ್ತೇನೆಂದಿದ್ದಾನೆ. ಕೆಳದನಿಯ ಎಡತುದಿಯಲ್ಲಿ ಅವನಿಗೆ ಜಾಗ ಬಿಡಿರಿ, ಖುರ್ಚಿ ಕೊಡಬೇಡಿರಿ, ಸಿಟ್ಟಾಗುತ್ತಾನೆ. ಆ ಸಾಲಿಗೆ ಹೊಸ ಪದ ಹಾಕಬೇಕೆನಿಸಿದರೆ ಮೊದಲು ಅವನನ್ನು ಒಂದು ಮಾತು ಕೇಳಿರಿ. ಅವನಿಗೆ ಬರುವುದು ಅದೊಂದೇ ಸಾಲು.

ಆ ಬೆಳಿಗ್ಗೆ ಧ್ವಜವಂದನೆ ಮುಗಿದು ಜನ ಚದುರಿದ ಮೇಲೆ ನಾವಿಬ್ಬರೂ ಸಭಾಗೃಹಕ್ಕೆ ಹೋಗಿ ವೇದಿಕೆಯ ಅಂಚಿನಲ್ಲಿ ಕೂತೆವು. ಕೆಳಗೆ ಅದೇ ಹಲಗೆಗಳು. ಐದು ವರ್ಷದಿಂದ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತು ಒಂದೂ ನೆನಪಾಗಲಿಲ್ಲ. ನಾನು ಕವೆ ಒರೆಸುತ್ತಿದ್ದೆ. ಅವನೇ ಕೇಳಿದ:

"ಮಾಸ್ತರ, ಶ್ರುತಿ ಸರಿ ಇತ್ತೇನ್ರಿ?"

ಶ್ರುತಿಯ ವಿಷಯದಲ್ಲಿ ಹುಡುಗರಿಗೆ ಸುಳ್ಳು ಹೇಳುವ ರೂಢಿ ನನಗಿಲ್ಲ. "ಒಂದ ಎಳಿ ಏರಿತ್ತೋ ಮಧೂ" ಎಂದೆ, "ಮುಂದಿನ ಸಲ ಸ್ವಲ್ಪ ಖಾಲೀ ಬಾ."

ಬಾಯಿಂದ ಜಾರಿದ ಮೇಲೆ ನಾನು ನಾಲಿಗೆ ಕಚ್ಚಿಕೊಂಡೆ. ಮಧು ನನ್ನನ್ನೇ ನೋಡಿದ, ಅಂದು ಪೊಲೀಸರ ನಡುವೆ ತಿರುಗಿ ನೋಡಿದ ಹಾಗೆಯೇ. ಆಮೇಲೆ ಆ ಗಾಳಿಯಂಥ ದನಿಯಲ್ಲಿ ಕೇಳಿದ:

"ಯಾವ ಖಾಲಿರಿ ಸರ್, ನಿಮ್ಮದೋ ನಮ್ಮದೋ?"